ವಸೂಲಿಗೆ ಆತುರ, ಹೊಣೆಗೆ ಹಿಂಜರಿಕೆ

ಬ್ಯಾಂಕುಗಳ ತವರೆನಿಸಿದ ಮಂಗಳೂರಿನಲ್ಲಿ ಪಿಂಚಣಿಯನ್ನೇ ನಂಬಿದ ಕುಟುಂಬಗಳು ಅನೇಕ. ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ದೃಢಪಡಿಸುವ ಹೊಣೆ ಪಿಂಚಣಿದಾರನದು; ಅದು ಸರಿಯೇ. ಆದರೆ ಇಲಾಖೆಯೇ ಲೆಕ್ಕ ತಪ್ಪಿ ಹೆಚ್ಚು ಹಣ ಕೊಟ್ಟು, ಹಲವು ವರ್ಷಗಳ ಬಳಿಕ ಮರಳಿಸುವಂತೆ ನೋಟಿಸು ಕಳಿಸಿದರೆ, ಆ ತಪ್ಪಿನ ಹೊರೆ ಹೊರಬೇಕಾದವರು ಯಾರು?

2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ನೀಡಿದೆ. ತಮ್ಮ ತಪ್ಪಿಲ್ಲದೆ ಹೆಚ್ಚು ಹಣ ಪಡೆದ ಮೂರನೆಯ ಹಾಗೂ ನಾಲ್ಕನೆಯ ದರ್ಜೆಯ ನೌಕರರಿಂದ, ನಿವೃತ್ತರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಸಲ್ಲದು. ಐದು ವರ್ಷ ಮೀರಿ ನಡೆದ ಪಾವತಿಗೂ ಇದೇ ನಿಯಮ. ಹೆಚ್ಚಾದುದನ್ನು ಮರಳಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದ ಅಧಿಕಾರಿಯಿಂದ ವಸೂಲಿಗೆ 2016ರಲ್ಲಿ ಅದೇ ನ್ಯಾಯಾಲಯ ಸಮ್ಮತಿಸಿದ್ದೂ ಉಂಟು.

ಆದರೂ 1999ರಲ್ಲಿ ನಿವೃತ್ತರಾದ ಕೇರಳದ ಶಿಕ್ಷಕರೊಬ್ಬರಿಗೆ ಅಂತಿಮ ನ್ಯಾಯ ದೊರೆತದ್ದು 2022ರ ಮೇ 2ರಂದು. ತಪ್ಪು ನಡೆದದ್ದು ನಿಯಮವನ್ನು ಅರ್ಥೈಸುವಲ್ಲಿ; ಅವರು ಯಾವ ವಂಚನೆಯನ್ನೂ ಮಾಡಿರಲಿಲ್ಲ. ಆ ತೀರ್ಪಿತ್ತ ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ನಮ್ಮ ದಕ್ಷಿಣ ಕನ್ನಡದವರು. ವಸೂಲಿ ರದ್ದಾಯಿತು, ನಿಜ. ಕಳೆದುಹೋದ 23 ವರ್ಷಗಳ ನೆಮ್ಮದಿಯನ್ನು ಮರಳಿಸುವವರು ಯಾರು?

ಆಸ್ಟ್ರೇಲಿಯಾದಲ್ಲಿ ಈ ಅನ್ಯಾಯ ಯಂತ್ರದ ವೇಗ ಪಡೆಯಿತು. 2015ರಿಂದ ಅಲ್ಲಿನ ಸರ್ಕಾರ ವಾರ್ಷಿಕ ಆದಾಯವನ್ನು ಎರಡೆರಡು ವಾರಗಳ ಸರಾಸರಿಗೆ ಒಡೆದು, ಕಲ್ಯಾಣ ಭತ್ಯೆ ಪಡೆದ ಲಕ್ಷಾಂತರ ಬಡವರ ಮೇಲೆ ಇಲ್ಲದ ಸಾಲ ಹೊರಿಸಿತು. ಸಾಲವಿಲ್ಲವೆಂದು ಸಾಬೀತುಪಡಿಸುವ ಭಾರವೂ ಅವರದೇ. ಹಣ ಮರಳಿತು, ಆದರೆ ನೋಟಿಸಿನ ಒತ್ತಡದಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದರು. 2023ರಲ್ಲಿ ವರದಿ ನೀಡಿದ ರಾಯಲ್ ಆಯೋಗ, ಸಚಿವರು ಹಾಗೂ ಹಿರಿಯ ಅಧಿಕಾರಿಗಳ ನಡತೆಯನ್ನು ಹೆಸರು ಹಿಡಿದೇ ಟೀಕಿಸಿತು.

ಸಾರ್ವಜನಿಕ ಹಣ ಪೋಲಾಗಬಾರದೆಂಬ ವಾದ ನ್ಯಾಯವಾದದ್ದೇ. ಸುಳ್ಳು ದಾಖಲೆ ಕೊಟ್ಟವರಿಂದ ವಸೂಲು ಮಾಡಲು ಯಾವ ತೀರ್ಪೂ ಅಡ್ಡಿಯಾಗಿಲ್ಲ. ಆದರೆ ವಂಚಕನನ್ನೂ ಇಲಾಖೆಯ ತಪ್ಪಿಗೆ ಸಿಲುಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆಡಳಿತವಲ್ಲ.

ಹೊಣೆಗಾರಿಕೆಯ ತತ್ವ ನಮಗೇನೂ ಹೊಸದಲ್ಲ. ಅಧಿಕಾರಿಗಳ ಕಿರುಕುಳಕ್ಕೆ ನೀಡುವ ಪರಿಹಾರದ ಹಣವನ್ನು ತಪ್ಪಿತಸ್ಥರಿಂದಲೇ ಪಡೆಯಬೇಕೆಂದು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ನಮ್ಮ 2011ರ ಸಕಾಲ ಕಾಯ್ದೆ, ಸೇವೆ ತಡವಾದರೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವನ್ನು ಗೊತ್ತುಪಡಿಸಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು. ವಿಳಂಬಕ್ಕೆ ಬೆಲೆಯಿದ್ದರೆ, ಅಕ್ರಮ ವಸೂಲಿಗೆ ಏಕಿಲ್ಲ?

ಮೊದಲು ಕಾರಣ ಕೇಳುವ ನೋಟಿಸು, ಲೆಕ್ಕದ ಪೂರ್ಣ ವಿವರ, ಆಕ್ಷೇಪಣೆ ತೀರ್ಮಾನವಾಗುವವರೆಗೆ ಕಡಿತಕ್ಕೆ ತಡೆ, ಆದೇಶದಲ್ಲಿ ಸಹಿ ಹಾಕಿದ ಅಧಿಕಾರಿಯ ಹೊಣೆ - ಇಷ್ಟನ್ನು ನಿಯಮವಾಗಿಸಲು ಬೊಕ್ಕಸಕ್ಕೆ ದೊಡ್ಡ ವೆಚ್ಚವಿಲ್ಲ. ನ್ಯಾಯಾಲಯದ ಮೆಟ್ಟಿಲೇರಲು ಶಕ್ತಿಯಿದ್ದವರಿಗೆ ಮಾತ್ರ ದಕ್ಕುವ ಕಾನೂನು, ಉಳಿದವರ ಪಾಲಿಗೆ ಕಾನೂನೇ ಅಲ್ಲ.