ಕರ್ನಲ್ ಕೇಳಿದ್ದು ಕಾಲಿಗೆ, ಸಿಕ್ಕಿದ್ದು ಕಿವಿಗೆ

1967ರಲ್ಲಿ ಅಮೆರಿಕದ ಸೇನೆ ನ್ಯೂಯಾರ್ಕ್ ರಾಜ್ಯದ ಸಾಗಮೋರ್ ಎಂಬಲ್ಲಿ ವಸ್ತುವಿಜ್ಞಾನಿಗಳ ಸಮ್ಮೇಳನ ಕರೆದಿತ್ತು. ಅಲ್ಲಿಗೆ ಹೊರಟ ಬಸ್ಸಿನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರ ಪಕ್ಕದಲ್ಲಿ ಕೂತವರು ಕರ್ನಲ್ ಕ್ಲಿಂಕರ್. ವಿಯೆಟ್ನಾಂನಿಂದ ಆಗಷ್ಟೇ ಮರಳಿದ್ದರು. ಹೆಂಚ್ ಕುಲುಮೆಯ ಮನುಷ್ಯ, ಪಿಂಗಾಣಿ ಮತ್ತು ಗಾಜು ಅವರ ಕಸುಬು. (ನಮ್ಮ ಕಿವಿಗೆ ಹೆಸರೇ ಕಸುಬು ಹೇಳುತ್ತದೆ.) ವಿಕಿರಣಕ್ಕೆ ಜಗ್ಗದ ಗಾಜಿನ ಬಗ್ಗೆ ಅವರು ಹೇಳುತ್ತಾ ಹೋದರು. ಕರ್ನಲ್ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು: ವಿಕಿರಣವನ್ನು ತಾಳುವ ವಸ್ತು ಮಾಡುವವರು ಮನುಷ್ಯನ ಮೈಯನ್ನು ತಾಳುವ ವಸ್ತು ಯಾಕೆ ಮಾಡಬಾರದು? ಕೈಕಾಲು ಕತ್ತರಿಸಿಕೊಂಡು ಊರಿಗೆ ಮರಳುತ್ತಿದ್ದ ಸೈನಿಕರನ್ನು ಕಂಡು ಬಂದವರ ಪ್ರಶ್ನೆ ಅದು.

ಮುರಿದ ಮೂಳೆ ಅಲುಗದಂತೆ ಹಿಡಿದಿಟ್ಟರೆ ತಾನೇ ಕೂಡಿಕೊಳ್ಳುತ್ತದೆ. ಪುತ್ತೂರು ಕಟ್ಟು ನಂಬಿರುವುದೂ ಇದನ್ನೇ, ಆಸ್ಪತ್ರೆಯ ಪ್ಲಾಸ್ಟರ್ ನಂಬಿರುವುದೂ ಇದನ್ನೇ. ಆದರೆ ಮೂಳೆಯ ತುಂಡೇ ಹಾರಿಹೋದರೆ? ಆ ಖಾಲಿ ಜಾಗ ತುಂಬಲು ರೋಗಿಯ ಸೊಂಟದ ಮೂಳೆಯಿಂದಲೇ ಚೂರು ಕೆತ್ತಿ ತರಬೇಕು. ಅಲ್ಲೊಂದು ಹೊಸ ಗಾಯ, ಸಿಗುವುದೋ ಸ್ವಲ್ಪ. 1892ರಲ್ಲೇ ಜರ್ಮನಿಯ ಡ್ರೀಸ್ಮನ್ ಎಂಬ ವೈದ್ಯರು ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ್ದರು. ಅದು ಬೇಗ ಕರಗಿಬಿಡುತ್ತದೆ. ಲೋಹ, ಪ್ಲಾಸ್ಟಿಕ್ ಇಟ್ಟರೆ ಮೈ ಸಾಮಾನ್ಯವಾಗಿ ಅದರ ಸುತ್ತ ನಾರಿನ ಪೊರೆ ಕಟ್ಟಿ, ಅನ್ಯನನ್ನು ದೂರ ಕೂರಿಸುತ್ತದೆ. ಹಾಗಾಗಿ, ಮೈಯ ತಂಟೆಗೇ ಹೋಗದ ವಸ್ತುವೇ ಶ್ರೇಷ್ಠ ಎಂದು ಆ ಕಾಲದವರು ತೀರ್ಮಾನಿಸಿಬಿಟ್ಟಿದ್ದರು.

ಹೆಂಚ್ ಇದನ್ನು ತಲೆಕೆಳಗು ಮಾಡಿದರು. ಮೂಳೆಯ ಗಟ್ಟಿ ಭಾಗ ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಮೈಯೊಳಗೆ ಹೋಗಿ ತನ್ನ ಮೇಲೆ ಅದರದೇ ಪದರ ಕಟ್ಟಿಕೊಳ್ಳುವ ಗಾಜಿದ್ದರೆ ಮೂಳೆ ಅದನ್ನು ತನ್ನದೆಂದೇ ಬಗೆದೀತಲ್ಲ! ಕಿಟಕಿ ಗಾಜಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಿಲಿಕಾ. ಹೆಂಚ್ ಅದನ್ನು 45ಕ್ಕೆ ಇಳಿಸಿದರು. ಸೋಡಿಯಂ ಆಕ್ಸೈಡ್ 24.5, ಕ್ಯಾಲ್ಸಿಯಂ ಆಕ್ಸೈಡ್ 24.5, ರಂಜಕದ ಆಕ್ಸೈಡ್ 6. ಕಿಟಕಿಗೆ ನಾಲಾಯಕ್ಕಾದ, ನೀರಿಗೆ ಸೋಲುವ ಗಾಜು. ಆ ಸೋಲೇ ಬೇಕಿತ್ತು. ಸೋಡಿಯಂ ಹೊರಗೆ ಸೋರುತ್ತದೆ, ಮೇಲ್ಮೈಯಲ್ಲಿ ಸಿಲಿಕಾದ ಲೋಳೆಪದರ ಉಳಿಯುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂತು ಹರಳಾಗುತ್ತದೆ, ಅದರೊಳಗೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ. ಶುರುವಿನ ಹಂತಗಳಿಗೆ ಕೆಲವೇ ಗಂಟೆ ಸಾಕು.

1969ರಲ್ಲಿ ಮೂಳೆತಜ್ಞ ಟೆಡ್ ಗ್ರೀನ್‌ಲೀ ಈ ಗಾಜಿನ ಚೂರುಗಳನ್ನು ಇಲಿಗಳ ತೊಡೆಮೂಳೆಯಲ್ಲಿ ಕೂರಿಸಿದರು. ಆರು ವಾರದ ನಂತರ ಫೋನ್ ಮಾಡಿದ ಅವರದ್ದು ಒಂದು ವಿಚಿತ್ರ ದೂರು: ನೂಕಿದರೂ ಹೊಡೆದರೂ ಚೂರುಗಳು ಮೂಳೆ ಬಿಟ್ಟು ಬರುತ್ತಿಲ್ಲ. ಈ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಸಿಹಿಯಾದ ದೂರು ನನಗಂತೂ ಗೊತ್ತಿಲ್ಲ. ಬಯೋಗ್ಲಾಸ್ ಹುಟ್ಟಿದ್ದು ಹೀಗೆ.

ಆದರೆ ಗಾಜು ಗಾಜೇ. ಒತ್ತಿದರೆ ತಾಳುತ್ತದೆ, ಬಾಗಿಸಿದರೆ ಚಟ್ಟನೆ ಮುರಿಯುತ್ತದೆ. 1985ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು ಭಾರವೇ ಬೀಳದ ಜಾಗಕ್ಕೆ: ನಡುಗಿವಿಯ ಪುಟ್ಟ ಮೂಳೆಗಳ ಬದಲಿಗೆ. ಆಮೇಲೆ ದವಡೆ, ಪುಡಿಯಾಗಿ ಮೂಳೆಯ ಕುಳಿಗಳು, ಕೊನೆಗೆ ಜುಮ್ಮೆನ್ನುವ ಹಲ್ಲಿನ ಪೇಸ್ಟು.

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ವಿಲಿಯಂ ಬಾನ್‌ಫೀಲ್ಡ್ ಬೇರೆ ದಾರಿ ಹಿಡಿದರು. ಮೂಳೆಯೇ ಒಂದು ಮಿಶ್ರಣ. ಹುಲ್ಲು ತುಳಿದು ಕಲಸಿದ ಮಣ್ಣಿನ ಗೋಡೆಯಂತೆ, ಖನಿಜಕ್ಕೆ ಗಟ್ಟಿತನ, ಕೊಲಾಜನ್ನಿಗೆ ಬಾಗುವ ಗುಣ. ಗಟ್ಟಿ ಮೂಳೆಯ ಬಿಗುವು, ಅಂದರೆ ಸುಲಭಕ್ಕೆ ಬಾಗದ ಗುಣ, 15ರಿಂದ 20 ಗಿಗಾಪ್ಯಾಸ್ಕಲ್. ಟೈಟಾನಿಯಂ ಮಿಶ್ರಲೋಹದ್ದು 110ರ ಸುಮಾರು, ಅಲ್ಯುಮಿನಾ ಪಿಂಗಾಣಿಯದ್ದು 380. ಅಷ್ಟು ಬಿಗಿಯಾದದ್ದು ಪಕ್ಕದಲ್ಲಿ ಕೂತರೆ ಭಾರವನ್ನೆಲ್ಲ ತಾನೇ ಹೊರುತ್ತದೆ. ಕೆಲಸ ಕಳೆದುಕೊಂಡ ಮೂಳೆ ಸೊರಗುತ್ತದೆ. ಅದಕ್ಕೇ ಬಾನ್‌ಫೀಲ್ಡ್ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಗಾತ್ರದಲ್ಲಿ ನೂರಕ್ಕೆ 40ರಷ್ಟು ಹೈಡ್ರಾಕ್ಸಿಅಪಟೈಟ್ ಬೆರೆಸಿದರು. ಹ್ಯಾಪೆಕ್ಸ್ ಎಂಬ ಆ ಮಿಶ್ರಣವನ್ನು ಶಸ್ತ್ರವೈದ್ಯರು ಚಾಕುವಿನಿಂದಲೇ ಕೆತ್ತಿ ಹೊಂದಿಸಬಲ್ಲರು. ಅದರ ಬಿಗುವು ಮಾತ್ರ 4ರ ಸುಮಾರು, ಭಾರ ಹೊರಲು ಸಾಲದು. ಹಾಗಾಗಿ ಅದೂ ಹೋಗಿ ಕೂತದ್ದು ಕಣ್ಣುಗುಳಿಯ ತಳದಲ್ಲಿ ಮತ್ತು, ಮತ್ತೊಮ್ಮೆ, ಕಿವಿಯಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿಕ್ರಮ್‌ಜಿತ್ ಬಸು ಅವರ ತಂಡವೂ ಇಂಥ ಬೆರಕೆಗಳ ಬೆನ್ನು ಹತ್ತಿದೆ. ಪ್ಲಾಸ್ಟಿಕ್ಕಿಗೆ ಹೈಡ್ರಾಕ್ಸಿಅಪಟೈಟ್ ಜೊತೆ ಅಲ್ಯುಮಿನಾ ಕೂಡಿಸಿದ ಮಿಶ್ರಣದ ಮೇಲೆ ಅವರು ಕೆಲಸ ಮಾಡಿದ್ದಾರೆ.

ಕರ್ನಲ್ ಪ್ರಶ್ನೆ ಕೇಳಿ ಅರ್ಧ ಶತಮಾನ ದಾಟಿದೆ. ಮುರಿದ ಕಾಲಿನ ಭಾರವನ್ನು ಇಂದಿಗೂ ಹೊರುತ್ತಿರುವುದು ಲೋಹದ ಪಟ್ಟಿ, ಸರಳು, ತಿರುಪು. ಕಳೆದುಹೋದ ತುಂಡಿನ ಜಾಗಕ್ಕೆ ಶಸ್ತ್ರವೈದ್ಯರ ಮೊದಲ ಆಯ್ಕೆ ಇಂದಿಗೂ ರೋಗಿಯ ಸೊಂಟದ ಮೂಳೆಯೇ.