ಗಣಕಯಂತ್ರವೂ ಊಹಾತೀತ ಸಂಖ್ಯೆಯೂ

ಅಂಬತ್ತೂರಿನ ಕೈಗಾರಿಕಾ ವಸಾಹತಿನ ಕಾರ್ಮಿಕನೊಬ್ಬನು ಊರಿಗೆ ಹಣ ಕಳುಹಿಸುವಾಗ ಅವನ ಮೊಬೈಲಿಗೆ ಆರಂಕಿಯ ಗುಪ್ತಸಂಖ್ಯೆಯೊಂದು ಬರುತ್ತದೆ. ಅನ್ಯನು ಅದನ್ನು ಮೊದಲೇ ಅರಿಯಬಲ್ಲನಾದರೆ ಆ ಹಣಕ್ಕೆ ರಕ್ಷೆಯಿಲ್ಲ. ವಿಧಿಬದ್ಧವಾಗಿಯೇ ನಡೆಯುವ ಗಣಕಯಂತ್ರವು ಊಹೆಗೆ ಸಿಕ್ಕದ ಸಂಖ್ಯೆಯನ್ನು ಎಲ್ಲಿಂದ ತಂದೀತು?

ಸೂತ್ರದಿಂದ ಹುಟ್ಟುವ ಸಂಖ್ಯೆಗಳು ಕವಡೆ ಬಿದ್ದಂತೆ ತೋರಿದರೂ ನಿಜಕ್ಕೆ ಹಾಗಲ್ಲ. ಪೈಥಾನ್ ಭಾಷೆಯ 'ರಾಂಡಮ್' ವಿಭಾಗವು ಬಳಸುವ ಮರ್ಸೆನ್ ಟ್ವಿಸ್ಟರ್ ಸೂತ್ರದ, 32 ಬಿಟ್ಟುಗಳ 624 ಫಲಗಳನ್ನು ಸಾಲಾಗಿ ಕಂಡವನು ಮುಂದಿನವನ್ನೆಲ್ಲ ಲೆಕ್ಕ ಹಾಕಿ ಹೇಳಬಲ್ಲನು. ಆದುದರಿಂದ ಗುಪ್ತಕಾರ್ಯಕ್ಕೆ ಭಾಷೆಯು ಇಂತಹ ಸೂತ್ರವನ್ನು ನೆಚ್ಚದೆ ಕಾರ್ಯಾಚರಣ ವ್ಯವಸ್ಥೆಯನ್ನು ಯಾಚಿಸಬೇಕು. ಈ ವ್ಯವಸ್ಥೆಯು ಸಾಧನಗಳಿಂದ ಬರುವ ಸೂಚನೆಗಳ ಕಾಲದಲ್ಲಿನ ಸೂಕ್ಷ್ಮ ಏರುಪೇರು ಮೊದಲಾದವನ್ನು ಕೂಡಿಟ್ಟು, ಬೆರಸಿ, ಬೀಜವನ್ನಾಗಿಸಿ, ಗೂಢಲಿಪಿಶಾಸ್ತ್ರದ ಕ್ರಮದಿಂದ ಬೈಟುಗಳನ್ನು ನೀಡುತ್ತದೆ. ಲಿನಕ್ಸಿನಲ್ಲಿ 2014ರಲ್ಲಿ ಸೇರಿದ 'ಗೆಟ್‌ರಾಂಡಮ್' ಎಂಬ ಕರೆಯು, ಯಂತ್ರ ಆಗತಾನೆ ಎಚ್ಚತ್ತು ಬೀಜ ಸಾಲದಿದ್ದರೆ, ಸಾಲುವವರೆಗೂ ಕೇಳಿದವರನ್ನು ಕಾಯಿಸುತ್ತದೆ. 2016ರಲ್ಲಿ ಪೈಥಾನಿಗೆ ಬಂದ 'ಸೀಕ್ರೆಟ್ಸ್' ವಿಭಾಗವು ವ್ಯವಸ್ಥೆಯ ಈ ಮೂಲವನ್ನೇ ಆಶ್ರಯಿಸಿದೆ.

ಈ ಎಚ್ಚರಿಕೆ ತಪ್ಪಿದುದರ ಫಲವನ್ನು ಲೋಕವು ಕಂಡಿದೆ. 2006ರಲ್ಲಿ ಡೆಬಿಯನ್ ತಂಡವು ತಾನು ಹಂಚುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬೀಜ ಬೆರಸುವ ಸಾಲನ್ನು ತೆಗೆಯಿತು. ವ್ಯವಸ್ಥೆ ಕೊಟ್ಟ ಬೈಟುಗಳು ವ್ಯರ್ಥವಾಗಿ, ಬೀಜವಾಗಿ ಉಳಿದುದು ಪ್ರಕ್ರಿಯೆಯ ಕ್ರಮಾಂಕವೊಂದೇ. ಅದಕ್ಕೆ ಸಾಧ್ಯವಿದ್ದ ಬೆಲೆಗಳು 32,768 ಮಾತ್ರ. 2008ರ ಮೇ ತಿಂಗಳಲ್ಲಿ ದೋಷವು ಬಯಲಾದಾಗ, ಅದುವರೆಗೆ ಅದರಿಂದ ರಚಿತವಾದ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು.

ಬೀಗವು ಭದ್ರವಿದ್ದೂ ಬೀಗದಕೈ ಎಣಿಕೆಗೆ ಸಿಕ್ಕರೆ ಖಜಾನೆ ಬಯಲೇ ಸರಿ. ಈ ನಗರದಲ್ಲಿ ಪ್ರೋಗ್ರಾಂ ರಚಿಸಿ ಬಾಳುತ್ತಿರುವ ನಮ್ಮ ತರುಣರು ಇದನ್ನು ಮರೆಯಬಾರದು.