ತಿದ್ದುಪಡಿ ಸಂಕೇತ ಅಗ್ಗವಾದಾಗ: ಕೃಷಿ ಯಂತ್ರೋದ್ಯಮದ ಹೊಸ ಲೆಕ್ಕಾಚಾರ

ಕೃಷಿ ಯಂತ್ರಗಳ ವ್ಯಾಪಾರದಲ್ಲಿ ಉಕ್ಕು, ಎಂಜಿನ್ ಹಾಗೂ ಬಿಡಿಭಾಗಗಳ ಬೆಲೆಯನ್ನು ಲೆಕ್ಕ ಹಾಕುವುದು ಬಹುಕಾಲದ ರೂಢಿ. ಕಳೆದ ಎರಡು ದಶಕಗಳಲ್ಲಿ ಈ ಲೆಕ್ಕಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಸರಕು ಸೇರಿಕೊಂಡಿದೆ. ಅದೇ ಉಪಗ್ರಹ ಆಧಾರಿತ ಸ್ಥಾನನಿರ್ಣಯದ ದೋಷವನ್ನು ನಿವಾರಿಸುವ ತಿದ್ದುಪಡಿ ಸಂಕೇತ. ವರ್ಷಕ್ಕಿಷ್ಟು ಎಂದು ಚಂದಾ ತೆತ್ತು ಪಡೆಯಬೇಕಾಗಿದ್ದ ಈ ಸಂಕೇತ ಇಂದು ಹಲವೆಡೆ ಅಲ್ಪ ವೆಚ್ಚಕ್ಕೆ, ಕೆಲವೆಡೆ ಉಚಿತವಾಗಿಯೇ ದೊರೆಯುತ್ತಿದೆ. ಇದರ ಪರಿಣಾಮ ರೈತನ ಹೊಲಕ್ಕಷ್ಟೇ ಸೀಮಿತವಲ್ಲ. ಕೂರಿಗೆ, ಸಿಂಪಡಣಾ ಯಂತ್ರ, ಎಡೆಕುಂಟೆಗಳನ್ನು ತಯಾರಿಸುವ ಸಣ್ಣ ಕೈಗಾರಿಕೆಗಳಿಗೂ ಇದು ಸಂಬಂಧಿಸಿದ ವಿಷಯ.

ದೋಷ ಮತ್ತು ಪರಿಹಾರ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಗಡಿಯಾರ ಮತ್ತು ಪಥದಲ್ಲಿನ ಅಲ್ಪ ವ್ಯತ್ಯಾಸ, ಮೇಲ್ವಾತಾವರಣದ ಅಯಾನುಗೋಲದಲ್ಲಿ ಸಂಕೇತಕ್ಕಾಗುವ ವಿಳಂಬ ಇವುಗಳಿಂದಾಗಿ ಸಾಮಾನ್ಯ ರಿಸೀವರ್ ತೋರಿಸುವ ಸ್ಥಾನ ಕೆಲವು ಮೀಟರ್ ಆಚೀಚೆ ಆಗುತ್ತದೆ. ನಾಗರಿಕ ಬಳಕೆಯ ಸಂಕೇತಕ್ಕೆ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಬಳಿಕವೂ ಈ ಸ್ವಾಭಾವಿಕ ದೋಷ ಉಳಿದೇ ಇದೆ. ರಸ್ತೆಯ ಮೇಲಿನ ಕಾರಿಗೆ ಇದು ಅಡ್ಡಿಯಲ್ಲ. ಆದರೆ ಒಂದೆರಡು ಅಡಿ ಅಂತರದ ಬೆಳೆ ಸಾಲುಗಳ ನಡುವೆ ಚಲಿಸುವ ಯಂತ್ರಕ್ಕೆ ಇದು ನಿರುಪಯೋಗಿ.

ಪರಿಹಾರದ ತತ್ತ್ವ ಸರಳವಾದುದು. ನಿಖರವಾಗಿ ಅಳೆದ ಸ್ಥಳವೊಂದರಲ್ಲಿ ಸ್ಥಿರ ರಿಸೀವರ್ ಇರಿಸಲಾಗುತ್ತದೆ. ತನ್ನ ನಿಜ ಸ್ಥಾನ ಅದಕ್ಕೆ ತಿಳಿದಿರುವುದರಿಂದ ಉಪಗ್ರಹ ಸಂಕೇತದಲ್ಲಿನ ದೋಷವೆಷ್ಟು ಎಂಬುದನ್ನು ಅದು ಕಂಡುಕೊಂಡು, ಸುತ್ತಮುತ್ತಲಿನ ಚಲಿಸುವ ಯಂತ್ರಗಳಿಗೆ ತಿಳಿಸುತ್ತದೆ. ಒಂದು ಅಂಗಡಿಯ ತಕ್ಕಡಿಯ ವ್ಯತ್ಯಾಸ ಗೊತ್ತಾದರೆ ಆ ತಕ್ಕಡಿಯಲ್ಲಿ ತೂಗಿದ ಎಲ್ಲ ಸರಕಿನ ತೂಕವನ್ನೂ ಸರಿಪಡಿಸಬಹುದಲ್ಲವೇ, ಇದೂ ಹಾಗೆಯೇ.

ಮೂರು ದರ್ಜೆಯ ನಿಖರತೆ

ತಿದ್ದುಪಡಿ ಸಂಕೇತಗಳನ್ನು ಸ್ಥೂಲವಾಗಿ ಮೂರು ದರ್ಜೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ವಿಮಾನಯಾನಕ್ಕೆಂದು ರೂಪಿಸಲಾದ ಉಪಗ್ರಹ ಪ್ರಸಾರ. ಭಾರತದಲ್ಲಿ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಜಂಟಿಯಾಗಿ ನಿರ್ಮಿಸಿದ 'ಗಗನ್' ಈ ವರ್ಗಕ್ಕೆ ಸೇರಿದ್ದು, ಅದರ ಪ್ರಧಾನ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಈ ಸಂಕೇತವನ್ನು ಗ್ರಹಿಸಬಲ್ಲ ರಿಸೀವರ್ ಇದ್ದರೆ ಸಾಕು, ಶುಲ್ಕವಿಲ್ಲ. ಇದರಿಂದ ದೊರೆಯುವ ನಿಖರತೆ ಒಂದರಿಂದ ಮೂರು ಮೀಟರ್. ಹೊಲದ ವಿಸ್ತೀರ್ಣ ಅಳೆಯಲು, ಬೆಳೆಯ ಸ್ಥೂಲ ನಕ್ಷೆ ತಯಾರಿಸಲು ಇದು ಸಾಕಾಗುತ್ತದೆ.

ಎರಡನೆಯದು ಉಪಗ್ರಹಗಳ ಪಥ ಮತ್ತು ಗಡಿಯಾರದ ತಿದ್ದುಪಡಿಗಳನ್ನು ವಿಶಾಲ ಪ್ರದೇಶಕ್ಕೆ ಬಿತ್ತರಿಸುವ ವಿಧಾನ. ಯುರೋಪ್ ಒಕ್ಕೂಟವು ತನ್ನ ಗೆಲಿಲಿಯೋ ವ್ಯವಸ್ಥೆಯ ಮೂಲಕ 2023ರ ಜನವರಿಯಲ್ಲಿ ಇಂತಹ ಉಚಿತ ಸೇವೆಗೆ ಚಾಲನೆ ನೀಡಿತು. ಇದರ ಗುರಿ ಸುಮಾರು 20 ಸೆಂ.ಮೀ. ನಿಖರತೆ. ಆದರೆ ಸಂಕೇತ ಸ್ಥಿರಗೊಳ್ಳಲು ಕೆಲವು ನಿಮಿಷಗಳು ಬೇಕಾಗುತ್ತವೆ.

ಮೂರನೆಯದು 'ಆರ್‌ಟಿಕೆ' ಎಂದು ಪ್ರಸಿದ್ಧವಾದ, ಸಮೀಪದ ಸ್ಥಿರ ಕೇಂದ್ರವನ್ನು ಅವಲಂಬಿಸಿದ ವಿಧಾನ. ಇದರ ನಿಖರತೆ ಎರಡು ಮೂರು ಸೆಂ.ಮೀ. ಇಂದು ಬಿತ್ತಿದ ಸಾಲಿನ ಪಕ್ಕದಲ್ಲೇ ವಾರಗಳ ಬಳಿಕ ಎಡೆಕುಂಟೆ ಹಾಯಿಸಬೇಕಾದರೆ ಈ ದರ್ಜೆಯೇ ಬೇಕು.

ಫ್ರಾನ್ಸಿನ ಪ್ರಯೋಗ

ಆರ್‌ಟಿಕೆ ಉಪಕರಣಗಳು ಮೊದಲಿಗೆ ಹತ್ತಾರು ಸಾವಿರ ಡಾಲರ್ ಬೆಲೆ ಬಾಳುತ್ತಿದ್ದವು. ಸ್ವಿಟ್ಸರ್ಲೆಂಡಿನ ಯು-ಬ್ಲಾಕ್ಸ್ ಕಂಪನಿ 2018ರಲ್ಲಿ ಪ್ರಕಟಿಸಿದ ಝಡ್‌ಇಡಿ-ಎಫ್9ಪಿ ಎಂಬ ಬಹು ತರಂಗದ ರಿಸೀವರ್ ಈ ಚಿತ್ರವನ್ನು ಬದಲಿಸಿತು. ಇದನ್ನು ಅಳವಡಿಸಿದ ಫಲಕಗಳು ಸುಮಾರು 200 ಡಾಲರ್‌ಗೆ ದೊರೆಯತೊಡಗಿದವು.

ಈ ಅವಕಾಶವನ್ನು ಫ್ರಾನ್ಸಿನ ರೈತರು ಬಳಸಿಕೊಂಡ ಬಗೆ ಗಮನಾರ್ಹವಾದುದು. ಅಲ್ಲಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇನ್ರೇಯ ಆಶ್ರಯದಲ್ಲಿ 2019ರಲ್ಲಿ 'ಸೆಂಟಿಪೀಡ್' ಎಂಬ ಸಹಕಾರಿ ಸ್ವರೂಪದ ಜಾಲ ಆರಂಭವಾಯಿತು. ರೈತರು, ಸಾರ್ವಜನಿಕ ಸಂಸ್ಥೆಗಳು ಮತ್ತು ಖಾಸಗಿ ವ್ಯಕ್ತಿಗಳು ತಮ್ಮ ಮಾಳಿಗೆಯ ಮೇಲೆ ಕೆಲವು ನೂರು ಯೂರೋ ವೆಚ್ಚದ ಸ್ಥಿರ ಕೇಂದ್ರಗಳನ್ನು ತಾವೇ ಸ್ಥಾಪಿಸಿಕೊಂಡು, ಅವುಗಳ ಸಂಕೇತವನ್ನು ಅಂತರ್ಜಾಲದ ಮೂಲಕ ಎಲ್ಲರಿಗೂ ಮುಕ್ತವಾಗಿರಿಸುತ್ತಾರೆ. ಇಂತಹ ಕೇಂದ್ರಗಳ ಸಂಖ್ಯೆ ನೂರಾರಕ್ಕೆ ಏರಿದೆ. ಇತ್ತ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರೈತ ಬ್ರಯನ್ ಟಿಶ್ಲರ್ ರೂಪಿಸಿದ 'ಆಗ್‌ಓಪನ್‌ಜಿಪಿಎಸ್' ಎಂಬ ಮುಕ್ತ ತಂತ್ರಾಂಶವು ಹಳೆಯ ಟ್ರ್ಯಾಕ್ಟರ್‌ಗಳಿಗೂ ಸ್ವಯಂಚಾಲನೆಯ ಸೌಲಭ್ಯ ಒದಗಿಸಿದೆ.

ಇಲ್ಲಿನ ಅರ್ಥಶಾಸ್ತ್ರ ಸ್ಪಷ್ಟವಾಗಿದೆ. ಒಂದು ಸ್ಥಿರ ಕೇಂದ್ರದ ಸಂಕೇತವನ್ನು ಹತ್ತು ಟ್ರ್ಯಾಕ್ಟರ್ ಬಳಸಿದರೂ ನೂರು ಟ್ರ್ಯಾಕ್ಟರ್ ಬಳಸಿದರೂ ವೆಚ್ಚ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹಂಚಿಕೊಂಡಷ್ಟೂ ತಲಾ ವೆಚ್ಚ ಇಳಿಯುತ್ತದೆ.

ಕರ್ನಾಟಕಕ್ಕೆ ಇದರ ಅನ್ವಯ

ದೇಶದಲ್ಲಿ ಹಿಡುವಳಿಯ ಸರಾಸರಿ ವಿಸ್ತೀರ್ಣ 2015-16ರ ಕೃಷಿ ಗಣತಿಯ ಪ್ರಕಾರ 1.08 ಹೆಕ್ಟೇರ್. ಇಷ್ಟು ಭೂಮಿಯುಳ್ಳ ರೈತ ಸ್ವಯಂಚಾಲನೆಯ ಉಪಕರಣ ಕೊಳ್ಳುವನೆಂದು ನಿರೀಕ್ಷಿಸುವುದು ವ್ಯವಹಾರಜ್ಞಾನವಲ್ಲ. ಇಲ್ಲಿ ನಿಜವಾದ ಗ್ರಾಹಕ ಯಂತ್ರಗಳನ್ನು ಬಾಡಿಗೆಗೆ ಓಡಿಸುವವನು. ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳೂ ಖಾಸಗಿ ಟ್ರ್ಯಾಕ್ಟರ್ ಮಾಲೀಕರೂ ಈ ಗುಂಪಿಗೆ ಸೇರುತ್ತಾರೆ.

ಬಾಡಿಗೆದಾರನಿಗೆ ಆಗುವ ಉಳಿತಾಯವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಎರಡು ಮೀಟರ್ ಅಗಲದ ಕೂರಿಗೆ ಪ್ರತಿ ಬಾರಿ 20 ಸೆಂ.ಮೀ. ಹಿಂದಿನ ಬಿತ್ತನೆಯ ಮೇಲೆಯೇ ಹಾಯ್ದರೆ, ನೂರು ಮೀಟರ್ ಅಗಲದ ಹೊಲದಲ್ಲಿ 50 ಬಾರಿ ಓಡಬೇಕಾದ ಟ್ರ್ಯಾಕ್ಟರ್ ಸುಮಾರು 56 ಬಾರಿ ಓಡುತ್ತದೆ. ಡೀಸೆಲ್, ಬೀಜ, ಗೊಬ್ಬರ, ಚಾಲಕನ ಸಮಯ ಎಲ್ಲದರಲ್ಲೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನಷ್ಟ.

ಬಾಡಿಗೆ ಕೇಂದ್ರವೊಂದರ ಮಾಳಿಗೆಯ ಮೇಲಿನ ಸ್ಥಿರ ಕೇಂದ್ರವು ಸುತ್ತಲಿನ 20 ಕಿ.ಮೀ. ದೂರದವರೆಗೆ ಉಪಯೋಗಕ್ಕೆ ಬಂದರೂ ಸುಮಾರು 1,250 ಚದರ ಕಿ.ಮೀ. ಪ್ರದೇಶ ಅದರ ವ್ಯಾಪ್ತಿಗೆ ಒಳಪಡುತ್ತದೆ. ಇದಲ್ಲದೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಸ್ಥಿರ ಕೇಂದ್ರಗಳ ಜಾಲವನ್ನು ನಿರ್ಮಿಸಿದೆ. ಗ್ರಾಮೀಣ ಆಸ್ತಿಗಳ ಅಳತೆಗೆಂದು 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಈ ಜಾಲದ ವಿಸ್ತರಣೆಗೆ ಪ್ರೇರಣೆ ನೀಡಿತು. ಯೋಜನೆಯ ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು.

ಸಣ್ಣ ಕೈಗಾರಿಕೆಗಳಿಗೆ ಇಲ್ಲಿ ಕೈತುಂಬ ಕೆಲಸವಿದೆ. ಆಂಟೆನಾ ಹಿಡಿಕೆ, ಧೂಳು ಮತ್ತು ಮಳೆಯನ್ನು ತಡೆಯುವ ಪೆಟ್ಟಿಗೆ, ಸ್ಟೀರಿಂಗ್‌ಗೆ ಮೋಟಾರು ಕೂರಿಸುವ ಜೋಡಣೆ, ಸಾಲಿಗೆ ತಕ್ಕಂತೆ ಪಕ್ಕಕ್ಕೆ ಸರಿಯುವ ಎಡೆಕುಂಟೆ ಇವೆಲ್ಲವೂ ಸಾಮಾನ್ಯ ಯಂತ್ರಾಗಾರಗಳಲ್ಲೇ ತಯಾರಾಗಬಲ್ಲ ವಸ್ತುಗಳು. ಅಳವಡಿಕೆ ಮತ್ತು ದುರಸ್ತಿ ಸೇವೆ ಇನ್ನೊಂದು ಆದಾಯದ ಮೂಲ.

ವಹಿಸಬೇಕಾದ ಎಚ್ಚರ

ಸಂಕೇತ ನಿಂತರೆ ಕೆಲಸವೂ ನಿಲ್ಲುತ್ತದೆ ಎಂಬುದನ್ನು ಉದ್ಯಮಿಗಳು ಮರೆಯಬಾರದು. 2023ರ ಏಪ್ರಿಲ್‌ನಲ್ಲಿ ಇನ್‌ಮಾರ್‌ಸ್ಯಾಟ್ ಸಂಸ್ಥೆಯ ಒಂದು ಉಪಗ್ರಹ ಕೆಟ್ಟಾಗ, ಅದರ ಮೂಲಕ ತಿದ್ದುಪಡಿ ಪಡೆಯುತ್ತಿದ್ದ ಆಸ್ಟ್ರೇಲಿಯಾದ ರೈತರ ಸ್ವಯಂಚಾಲಿತ ಟ್ರ್ಯಾಕ್ಟರ್‌ಗಳು ಬಿತ್ತನೆಯ ಹಂಗಾಮಿನಲ್ಲೇ ದಾರಿ ತಪ್ಪಿದವು. 2024ರ ಮೇ ತಿಂಗಳ ಸೌರ ಬಿರುಗಾಳಿ ಅಮೆರಿಕದ ಮಧ್ಯಭಾಗದಲ್ಲಿ ಆರ್‌ಟಿಕೆ ಅವಲಂಬಿಸಿದ್ದ ಬಿತ್ತನೆಗೆ ಅಡಚಣೆ ತಂದಿತು. ಭಾರತವು ಭೂಕಾಂತೀಯ ಸಮಭಾಜಕದ ಸಮೀಪವಿರುವುದರಿಂದ ಇಲ್ಲಿ ಅಯಾನುಗೋಲದ ಏರುಪೇರು, ವಿಶೇಷವಾಗಿ ಸೂರ್ಯಾಸ್ತದ ಬಳಿಕ, ಯುರೋಪಿಗಿಂತ ಅಧಿಕ. ಹೀಗಾಗಿ ಫ್ರಾನ್ಸಿನಲ್ಲಿ ಸಾಕಾಗುವ ಅಂತರ ಇಲ್ಲಿಯೂ ಸಾಕೆಂದು ಭಾವಿಸದೆ, ಹೊಲದಲ್ಲಿ ಪರೀಕ್ಷಿಸಿಯೇ ಗ್ರಾಹಕನಿಗೆ ಭರವಸೆ ನೀಡುವುದು ಲೇಸು.

ಖರೀದಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ. ಈ ರಿಸೀವರ್ 'ಆರ್‌ಟಿಸಿಎಂ', 'ಎನ್‌ಟ್ರಿಪ್' ಮುಂತಾದ ಮುಕ್ತ ಮಾನಕಗಳ ಸಂಕೇತವನ್ನು ಸ್ವೀಕರಿಸುತ್ತದೆಯೇ, ಅಥವಾ ಒಂದೇ ಕಂಪನಿಯ ಚಂದಾ ಸಂಕೇತಕ್ಕೆ ಬೀಗ ಹಾಕಲ್ಪಟ್ಟಿದೆಯೇ? ಮುಕ್ತ ಮಾನಕ ಇರುವಲ್ಲಿ ಸ್ಥಳೀಯ ತಯಾರಕನ ಎಡೆಕುಂಟೆಯೂ ಯಾವ ಟ್ರ್ಯಾಕ್ಟರಿನೊಡನೆಯಾದರೂ ಕೆಲಸ ಮಾಡಬಲ್ಲದು. ಬೀಗ ಬಿದ್ದಲ್ಲಿ ಟ್ರ್ಯಾಕ್ಟರ್ ಮಾರಿದವನೇ ಉಪಕರಣವನ್ನೂ ಮಾರುತ್ತಾನೆ.

ಸಂಕೇತದ ಬೆಲೆ ಇಳಿದಿದೆ, ಆದರೆ ಅದರ ಲಾಭ ತಾನಾಗಿಯೇ ಯಾರ ಬಾಗಿಲಿಗೂ ಬರುವುದಿಲ್ಲ. ಉಪಕರಣ ತಯಾರಕರು, ಬಿಡಿಭಾಗ ವ್ಯಾಪಾರಿಗಳು ಹಾಗೂ ಬಾಡಿಗೆ ಕೇಂದ್ರಗಳ ನಿರ್ವಾಹಕರು ಒಂದು ಹೋಬಳಿಯ ಮಟ್ಟದಲ್ಲಿ ಕೂಡಿ ಒಂದು ಸ್ಥಿರ ಕೇಂದ್ರ, ಒಂದು ಟ್ರ್ಯಾಕ್ಟರ್, ಒಂದು ಕೂರಿಗೆಯಿಂದ ಪ್ರಯೋಗ ಆರಂಭಿಸಿದರೆ ಹೂಡಿಕೆಯೂ ಮಿತ, ಕಲಿಕೆಯೂ ಹೆಚ್ಚು. ಮುಂಗಾರು ಬಿತ್ತನೆಗೆ ಮೊದಲು ಇಂತಹ ಪರೀಕ್ಷೆ ಕೈಗೊಳ್ಳುವುದು ಸೂಕ್ತ.